ಬೇವಿನ ಕಡೆಯ ಮೂರನೇ ಸಾಲು

ಡಬ್ಬಿಯ ತಳಕ್ಕೆ ಇಳಿದ ನೀಲಿಯನ್ನು ನಾನು ಕಡ್ಡಿಯಿಂದ ಕದಡುತ್ತಿದ್ದೆ. ಪಕ್ಕದಲ್ಲಿ ಕಾಳವ್ವತ್ತಿ ಕೆಂಪು ಕದಡುತ್ತಿದ್ದಳು, ದೀಪಾಲಿ ಹಸಿರು, ಸ್ನೇಹಲ ಹಳದಿ. ಬೇರೆ ದಿನವಾಗಿದ್ದರೆ ಇಷ್ಟೊತ್ತಿಗೆ ನಾಲ್ಕು ಮನೆಯ ಸುದ್ದಿ ಮುಗಿದಿರುತ್ತಿತ್ತು. ಅಂದು ಕಡ್ಡಿ ಡಬ್ಬಿಗೆ ಬಡಿಯುವ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಹೊಸ ಮನುಷ್ಯನ ಹಿಂದೆ ಯಾರು ನಡೆಯಬೇಕೆಂದು ನಮ್ಮ ಗುಂಪಿನ ಹಿರಿಯ, ಮುಕಾದಮ, ಇನ್ನೂ ಹೇಳಿರಲಿಲ್ಲ.

ನಮ್ಮದು ದ್ರಾಕ್ಷಿ ಚಾಟ್ನಿಯ ಟೋಳಿ, ಬಳ್ಳಿ ಸವರುವವರ ಗುಂಪು. ಅಕ್ಟೋಬರದಲ್ಲಿ ಮಂಗಸೂಳಿಯ ಸುತ್ತಲಿನ ತೋಟಗಳಲ್ಲಿ ಬಳ್ಳಿ ಕತ್ತರಿಸುತ್ತೇವೆ. ನಾಲ್ವರು ಗಂಡಸರು ಕತ್ತರಿ ಹಿಡಿದು ಮುಂದೆ ಹೋಗುತ್ತಾರೆ. ಅವರು ಬಿಟ್ಟ ಕಣ್ಣುಗಳಿಗೆ, ಅಂದರೆ ಚಿಗುರು ಒಡೆಯುವ ಮೊಗ್ಗುಗಳಿಗೆ, ನಾವು ನಾಲ್ವರು ಹೆಂಗಸರು ಹಿಂದಿನಿಂದ ಔಷಧಿ ಹಚ್ಚುತ್ತೇವೆ. ಹಚ್ಚಿದ್ದು ಕಾಣಲೆಂದು ಔಷಧಿಗೆ ಬಣ್ಣ ಬೆರೆಸುತ್ತೇವೆ. ಮುಕಾದಮ ಮುರಗೆಪ್ಪ ಮಾಮಾ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಿದ್ದ. ಯಾರು ಯಾವ ಕಣ್ಣಿಗೆ ಹಚ್ಚದೆ ಬಿಟ್ಟು ಹೋದರೆಂದು ಸಾಲು ನೋಡಿದ ಕೂಡಲೇ ಅವನಿಗೆ ತಿಳಿಯಬೇಕು. ಇದು ಟೋಳಿಯವರಿಗಷ್ಟೇ ಗೊತ್ತು. ತೋಟದ ಮಾಲಕರಿಗೆ ಬಣ್ಣವೆಂದರೆ ಬರೀ ಬಣ್ಣ.

ಹೊಸ ಮನುಷ್ಯನ ಹೆಸರು ಮಾಳಸಿದ್ದ. ಹದಿನೈದು ವರ್ಷದ ಹಿಂದೆ ನೀರಿನ ಪಾಳಿಯ ಜಗಳದಲ್ಲಿ ಪಕ್ಕದ ಹೊಲದವನ ತಲೆಗೆ ಗುದ್ದಲಿಯ ಕಾವಿನಿಂದ ಹೊಡೆದಿದ್ದ. ಆ ಮನುಷ್ಯ ಸತ್ತ. ಜೈಲಿನಲ್ಲಿ ನಡತೆ ಚೆನ್ನಾಗಿತ್ತೆಂದು ಈ ಆಗಸ್ಟಿನಲ್ಲಿ ಅವನನ್ನು ಬಿಡುಗಡೆ ಮಾಡಿದ್ದರು. ನಮ್ಮ ಟೋಳಿಯ ಅಪ್ಪಾಸಾಬ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಹಂಗಾಮಿನ ನಡುವೆ ಬೇರೆ ಕೈ ಸಿಗಲಿಲ್ಲ, ಮುರಗೆಪ್ಪ ಮಾಮಾ ಇವನನ್ನು ಕರೆತಂದಿದ್ದ.

"ನಾ ಅವನ ಹಿಂದ ಹೋಗಾಂಗಿಲ್ಲ ಮಾಮಾ," ಎಂದಳು ಸ್ನೇಹಲ. "ಮನ್ಯಾಗ ಗೊತ್ತಾದ್ರ ನನ್ನ ಕಾಲ ಮುರೀತಾರ."

"ನಾನೂ ಒಲ್ಲೆ," ಎಂದಳು ದೀಪಾಲಿ.

ಕಾಳವ್ವತ್ತಿ ಮುಕಾದಮನ ಅಕ್ಕನ ಮಗ ಸುರಜನ ಹಿಂದೆಯೇ ಯಾವಾಗಲೂ ನಡೆಯುವವಳು. ಅವಳನ್ನು ಯಾರೂ ಕೇಳಲಿಲ್ಲ.

"ಕಾಂಚನಾ, ನೀ ಹೋಗವಾ," ಎಂದ ಮುರಗೆಪ್ಪ ಮಾಮಾ.

ಒಲ್ಲೆ ಅನ್ನಲು ನನಗೆ ಬರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಲೆಕ್ಕ ಬರುತ್ತಿತ್ತು, ಎದ್ದು ನಿಂತು ಹೇಳಲು ಬರುತ್ತಿರಲಿಲ್ಲ.

ಮುರಗೆಪ್ಪ ಮಾಮಾ ಕತ್ತರಿಯನ್ನು ಮಾಳಸಿದ್ದನ ಮುಂದೆ ನೆಲದ ಮೇಲೆ ಇಟ್ಟ. ನಮ್ಮಲ್ಲಿ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ ಅನ್ನುತ್ತಾರೆ. ಎಲ್ಲರಿಗೂ ಹಾಗೆಯೇ ಇಡುವುದು. ಆದರೂ ಮಾಳಸಿದ್ದ ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ನೆಲವನ್ನೊಮ್ಮೆ, ಮಾಮಾನ ಮುಖವನ್ನೊಮ್ಮೆ ನೋಡಿ, ಆಮೇಲೆ ಬಗ್ಗಿದ.

ಮೊದಲ ದಿನ ನಾನು ಅವನಿಂದ ಎರಡು ಬಳ್ಳಿಯಷ್ಟು ದೂರ ಇದ್ದೆ.

"ಇನ್ನೂ ಹಿಂದ ಸರಿ ಬೇ ಕಾಂಚನಾ!" ಎಂದು ಸುರಜ ಆಚೆ ಸಾಲಿನಿಂದ ಕೂಗಿದ. "ಕಾತ್ರಿ ತಿರುಗೀತು ಅಂದ್ರ ನಿಂಗೂ ಚಾಟ್ನಿ!"

ಎಲ್ಲರೂ ನಕ್ಕರು. ಮಾಳಸಿದ್ದನ ಕೈ ನಿಲ್ಲಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಬಳ್ಳಿಯ ಪ್ರತಿ ಕಡ್ಡಿಯ ನಡುವೆ ಒಂದು ಗಂಟು ಇರುತ್ತದೆ. ಗಂಟಿನ ಮೇಲೆ ಎರಡು ಕಣ್ಣು ಬಿಟ್ಟು ಕತ್ತರಿಸಿದರೆ ಗೊಂಚಲು ಬರುತ್ತದೆ, ಗಂಟಿನ ಕೆಳಗೆ ಕತ್ತರಿಸಿದರೆ ಬರೀ ಎಲೆ. ಅವನು ಪ್ರತಿ ಕಡ್ಡಿಗೂ ಹೆಬ್ಬೆರಳಿನಿಂದ ಗಂಟನ್ನು ಮುಟ್ಟಿ ನೋಡಿ ಆಮೇಲೆ ಕತ್ತರಿ ಹಾಕುತ್ತಿದ್ದ. ನಿಧಾನ. ಆದರೆ ಒಂದೂ ತಪ್ಪಲಿಲ್ಲ.

ಊಟಕ್ಕೆ ಎಲ್ಲರೂ ಬೇವಿನ ಗಿಡದ ಕೆಳಗೆ ಕೂತರು. ಅವನು ರೊಟ್ಟಿಯ ಗಂಟು ಹಿಡಿದು ನಿಂತೇ ಇದ್ದ.

"ಕೂಡ್ಲ್ಯಾ?" ಎಂದು ಕೇಳಿದ.

"ಕೂಡಾಕೂ ಸಾಹೇಬರ ಆರ್ಡರ ಬೇಕೇನಪಾ!" ಎಂದ ಸುರಜ.

ಮೂರನೆಯ ದಿನದ ಹೊತ್ತಿಗೆ ನಾನು ಅವನ ಬೆನ್ನಿಗೇ ನಡೆಯುತ್ತಿದ್ದೆ. ಅವನೇ ಮಾತು ತೆಗೆದ, ತಿರುಗಿ ನೋಡದೆ.

"ಅಂಜಿಕಿ ಆಗತೈತೇನವಾ?"

"ಮೊದ್ಲ ಆಗತಿತ್ರಿ ಕಾಕಾ."

ನಾಲ್ಕು ಕಡ್ಡಿ ಕತ್ತರಿಸಿದ. "ಆಗಬೇಕು. ನಾ ಮಾಡಿದ್ದು ಸಣ್ಣದಲ್ಲ. ಜೈಲಿನಾಗ ಹದಿನಾಲ್ಕ ವರ್ಷ ದಿನಾ ನೆನಿಸೇನಿ, ಇನ್ನೂ ನೆನಿಸ್ತೇನಿ." ಮತ್ತೆರಡು ಕಡ್ಡಿ. "ಕಾಗವಾಡದಿಂದ ಈ ಕಡೆ ಆರು ಟೋಳಿ ಕೇಳೇನಿ, ಎಲ್ಲಾರೂ ಬ್ಯಾಡ ಅಂದ್ರು. ತಿಂಗಳಿಗೊಮ್ಮೆ ಠಾಣೇಕ ಹೋಗಿ ಸಹಿ ಮಾಡಬೇಕು. ಏನ ಕೆಲಸ ಮಾಡ್ತಿ ಅಂತ ಕೇಳ್ತಾರ. ತಮ್ಮನೂ ಅಂದಾನ, ಕೆಲಸ ಇದ್ರ ಮನ್ಯಾಗ ಇರು, ಇಲ್ಲಂದ್ರ ನಿನ್ನ ದಾರಿ ನೀ ನೋಡ್ಕೊ. ಈ ಕಾತ್ರಿ ಒಂದ ಉಳಿದೈತಿ ನೋಡು."

ನಾನು ನೀಲಿ ಹಚ್ಚುತ್ತಾ ಹೋದೆ.

ಅದೇ ಮಧ್ಯಾಹ್ನ ಸುರಜ ಬೇವಿನ ಕಡೆಯ ಮೂರನೇ ಸಾಲಿನಲ್ಲಿದ್ದ. ಅವನ ಲಗ್ನ ನಿಶ್ಚಯವಾಗಿತ್ತು, ಹುಡುಗಿ ನಿಪ್ಪಾಣಿಯವಳು. ಕಿವಿಗೆ ಮೊಬೈಲಿನ ವೈರು ಹಾಕಿಕೊಂಡು ಅವಳೊಡನೆ ಮರಾಠಿಯಲ್ಲಿ ಮಾತಾಡುತ್ತಾ ನಗುತ್ತಾ ಕತ್ತರಿ ಆಡಿಸುತ್ತಿದ್ದ. ಕಣ್ಣು ಕಡ್ಡಿಯ ಮೇಲೆ ಇರಲಿಲ್ಲ. ಗಂಟಿನ ಕೆಳಗೆ, ಗಂಟಿನ ಕೆಳಗೆ, ಒಂದರ ಹಿಂದೆ ಒಂದು. ಕಾಳವ್ವತ್ತಿ ಹಿಂದಿನಿಂದ ಕೆಂಪು ಹಚ್ಚುತ್ತಾ ಬಂದಳು. ಅವಳೂ ನೋಡಿರಬೇಕು. ಡಬ್ಬಿ ತುಂಬಿಕೊಳ್ಳಲು ಆ ಕಡೆ ಬಂದಿದ್ದ ನಾನಂತೂ ನೋಡಿದೆ. ಬಾಯಿ ಬಿಡಲಿಲ್ಲ. ನನಗೇನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಟಮ್‌ಟಮ್ ಗಾಡಿ ತೋಟಕ್ಕೆ ಬಂದಾಗ ಮಾಲಕ ದಾದಾಸಾಹೇಬರು ಆ ಸಾಲಿನ ತುದಿಯಲ್ಲೇ ನಿಂತಿದ್ದರು. ಕೈಯಲ್ಲಿ ಒಂದು ಕಡ್ಡಿ ಇತ್ತು.

"ಮುರಗೆಪ್ಪಾ, ಇದೇನೋ? ಇಡೀ ಸಾಲ ಬೋಳಿಸೀರಿ! ಈ ವರ್ಷ ಇಲ್ಲಿ ಎಲಿ ತಿನ್ನಬೇಕೇನ ನಾ? ಯಾರ ಕೈ ಇದು?"

ಮುರಗೆಪ್ಪ ಮಾಮಾ ಸಾಲನ್ನು ನೋಡಿದ. ಕೆಂಪು ಬಣ್ಣ ಅವನ ಕಣ್ಣಿಗೆ ಬಿದ್ದದ್ದು ನನಗೆ ಕಂಡಿತು. ಅವನು ಸುರಜನ ಕಡೆ ತಿರುಗಲಿಲ್ಲ.

"ಹೊಸಾ ಕೈ ಐತ್ರಿ ಸಾವ್ಕಾರ್ರ," ಎಂದ.

"ಹೊಸಾ ಕೈ ಅಂದ್ರ? ಆ ಜೈಲಿನಾಂವ? ನಾ ಮೊದ್ಲ ಹೇಳಿದ್ನಿಲ್ಲ? ನನ್ನ ತ್ವಾಟದಾಗ ಬ್ಯಾಡ ಅಂವ. ಈಗಿಂದೀಗ ಕಳಸು."

"ನಾ ಆ ಸಾಲಿಗೆ ಹೋಗಿಲ್ರಿ," ಎಂದ ಮಾಳಸಿದ್ದ. ಒಂದೇ ಸಲ, ಮೆಲ್ಲಗೆ.

"ಮತ್ತ ಯಾರ ಹೋಗಿದ್ರು? ಮಂಗಸೂಳಿ ಮಲ್ಲಯ್ಯ ದೇವರ ಗುಡಿ ಬಿಟ್ಟ ಬಂದ ಕತ್ತರಿಸ್ಯಾನೇನ?" ಎಂದ ಸುರಜ. ಒಬ್ಬಿಬ್ಬರು ನಕ್ಕರು. ಅವನ ನಗು ಮಾತ್ರ ಸ್ವಲ್ಪ ತಡವಾಗಿ ಬಂತು.

ಮಾಳಸಿದ್ದ ಬಗ್ಗಿ ಕತ್ತರಿಯನ್ನು ನೆಲದ ಮೇಲಿಟ್ಟ. ಟಮ್‌ಟಮ್‌ನಲ್ಲಿದ್ದ ರೊಟ್ಟಿಯ ಗಂಟು ತೆಗೆದುಕೊಂಡ. ಹೊರಡುವ ಮುನ್ನ ಅಪ್ಪಣೆಗೆ ಕಾಯುವವನಂತೆ ಕೈ ಕಟ್ಟಿ ನಿಂತ.

ನಾನು ನಿನ್ನೆ ಬಾಯಿ ಬಿಟ್ಟಿದ್ದರೆ ಸಾಲೂ ಉಳಿಯುತ್ತಿತ್ತು, ಇವನೂ ಉಳಿಯುತ್ತಿದ್ದ. ಈಗ ಸಾಲು ಹೋಯಿತು.

"ಆ ಸಾಲ ಕೆಂಪ ಐತ್ರಿ," ಎಂದೆ.

ದಾದಾಸಾಹೇಬರು ಯಾರು ಮಾತಾಡಿದರೆಂದು ಅತ್ತಿತ್ತ ನೋಡಿದರು. "ಏನಂದಿ?"

"ನಮ್ಮದು ಒಬ್ಬೊಬ್ಬರದು ಒಂದೊಂದ ಬಣ್ಣ ಐತ್ರಿ. ಮಾಳಸಿದ್ದ ಕಾಕಾನ ಹಿಂದ ನಾ ಇರತೇನಿ. ನನ್ನದು ನೀಲಿ. ಕಾಕಾನ ಸಾಲ ಅಲ್ಲಿ ಅದಾವ, ಬಾಂವಿ ಕಡೆ. ನೋಡ್ರಿ, ಒಂದ ಕಡ್ಡಿನೂ ತಪ್ಪಿಲ್ಲ. ಕೆಂಪು ಕಾಳವ್ವತ್ತಿದು. ಅತ್ತಿ ಸುರಜಣ್ಣನ ಹಿಂದ ಇರತಾಳ."

ಅಷ್ಟು ಮಾತನ್ನು ಒಂದೇ ಸಲಕ್ಕೆ ನಾನು ಯಾವತ್ತೂ ಆಡಿರಲಿಲ್ಲ.

"ಏ, ಬಾಯಿ ಬಂದೈತಿ ನೋಡೋ ಇದಕ್ಕ!" ಎಂದ ಸುರಜ. "ಮೂರ ದಿನ ಅವನ ಹಿಂದ ಅಡ್ಡಾಡಿದ್ದಕ್ಕ ಕಾಕಾ ಆಗ್ಯಾನ!"

ದಾದಾಸಾಹೇಬರು ಬಾವಿಯ ಕಡೆ ನಡೆದರು. ಒಂದು ನೀಲಿ ಸಾಲಿನ ಉದ್ದಕ್ಕೂ ಹೋಗಿ ಕಡ್ಡಿಗಳನ್ನು ಬಗ್ಗಿಸಿ ಬಗ್ಗಿಸಿ ನೋಡಿದರು. ನಾವೆಲ್ಲ ನಿಂತಲ್ಲೇ ನಿಂತಿದ್ದೆವು. ತಿರುಗಿ ಬಂದಾಗ ಅವರ ಮುಖದಲ್ಲಿ ಮೊದಲಿನ ಸಿಟ್ಟು ಇರಲಿಲ್ಲ. ಮತ್ತೇನೋ ಇತ್ತು, ಬೇಡದ ಕೆಲಸ ಮೈಮೇಲೆ ಬಂದಂತೆ.

"ಖರೇ ಏನೋ ಮುರಗೆಪ್ಪಾ?"

"ಸಣ್ಣ ಹುಡುಗಿರಿ... ಬಣ್ಣ ಒಮ್ಮೊಮ್ಮೆ ಅದಲ ಬದಲ ಆಗತಾವ."

"ನೀ ಹೇಳ ಕಾಳವ್ವಾ."

ಕಾಳವ್ವತ್ತಿ ಕೆಂಪು ಹತ್ತಿದ ಕೈಗವಸನ್ನು ಸೆರಗಿನ ಕೆಳಗೆ ಸರಿಸಿದಳು. ಮೂರು ವರ್ಷದ ಹಿಂದೆ ನನಗೆ ಈ ಕೆಲಸ ಕಲಿಸಿದವಳು ಅವಳು. ಒಂದು ಕಣ್ಣನ್ನೂ ಬಿಡಬಾರದು, ಬಿಟ್ಟರೆ ಬಳ್ಳಿಯ ಪಾಪ ತಟ್ಟುತ್ತದೆ ಎಂದವಳು ಅವಳೇ. ಅವಳು ನೆಲ ನೋಡುತ್ತಾ ನಿಂತಳು.

"ಆತು ಬಿಡ್ರಿ," ಎಂದರು ದಾದಾಸಾಹೇಬರು ಕೊನೆಗೆ. "ಯಾರ ಕತ್ತರಿಸಿದ್ರೂ ನನ್ನ ಸಾಲಂತೂ ಹೋತು. ಬಿಸಲ ಏರಾಕತ್ತೈತಿ, ಕೆಲಸ ಚಾಲೂ ಮಾಡ್ರಿ." ಮಾಳಸಿದ್ದನ ಬಗ್ಗೆ ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವನನ್ನು ನೋಡಲೂ ಇಲ್ಲ.

ಉಳಿದ ಮೂವರು ಗಂಡಸರು ತಮ್ಮ ತಮ್ಮ ಸಾಲಿನ ಕಡೆ ಹೊರಟರು. ದೀಪಾಲಿ, ಸ್ನೇಹಲ ಡಬ್ಬಿ ಎತ್ತಿಕೊಂಡರು. ಮಾಳಸಿದ್ದ ರೊಟ್ಟಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕತ್ತರಿ ನೆಲದ ಮೇಲೆಯೇ ಬಿದ್ದಿತ್ತು, ಅದರ ಬಾಯಿ ಸ್ವಲ್ಪ ತೆರೆದಿತ್ತು.

"ಕಾಂಚನಾ, ನಡಿ," ಎಂದ ಮುರಗೆಪ್ಪ ಮಾಮಾ. "ಇವತ್ತ ಸುರಜನ ಹಿಂದ ನೀನೂ ಹಚ್ಚು."

ನಾನು ಬಾವಿಯ ಕಡೆಗೆ ನಡೆದೆ. ನಿನ್ನೆ ಸಂಜೆ ನಾವು ಬಿಟ್ಟಿದ್ದ ಬಳ್ಳಿಯ ಹತ್ತಿರ ಡಬ್ಬಿ ಇಟ್ಟೆ. ಅಲ್ಲಿಂದ ಮುಂದೆ ಯಾವ ಕಡ್ಡಿಗೂ ಇನ್ನೂ ಕತ್ತರಿ ಬಿದ್ದಿರಲಿಲ್ಲ. ತಿರುಗಿ ಎಲ್ಲರ ಕಡೆ ಮುಖ ಮಾಡಿ ನಿಂತೆ.

"ಮಾಮಾ, ನಾ ಈ ಸಾಲ ಬಿಟ್ಟ ಬರಾಂಗಿಲ್ಲ. ಕಾಕಾಗ ಕಾತ್ರಿ ಕೊಡ್ರಿ."

ಸುರಜ ಕಿವಿಗೆ ವೈರು ಹಾಕಿಕೊಂಡ. ದಾದಾಸಾಹೇಬರು ಮೊಬೈಲು ತೆಗೆದು ನೋಡತೊಡಗಿದರು. ಮುರಗೆಪ್ಪ ಮಾಮಾ ಕತ್ತರಿಯಿಂದ ಎರಡು ಹೆಜ್ಜೆ ದೂರದಲ್ಲಿದ್ದ. ನನ್ನ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದೆ, ಈ ಸಲ ಜೋರಾಗಿ.

"ನೆಲದ ಮ್ಯಾಲಿಂದ ತಗೀರಿ ಮಾಮಾ. ಕಾಕಾನ ಕೈಯಾಗ ಕೊಡ್ರಿ."