ಕೂದಲಿನ ವಿಟಮಿನ್

ಬಾಮೈದನ ನೆತ್ತಿಯ ಮೇಲೆ ಬಾಚಣಿಗೆ ಎರಡನೇ ಸಲ ಹೋದಾಗ ಅದರ ಹಲ್ಲುಗಳ ಸಂದಿಯಲ್ಲಿ ಕೂದಲಿನ ಸಣ್ಣ ಗಂಟೊಂದು ಬಂತು. ಕ್ಷೌರ ಮಾಡುತ್ತಿದ್ದ ಅವನು ಅದನ್ನು ಬೆರಳಲ್ಲಿ ಉಜ್ಜಿ ಯಾರಿಗೂ ಕಾಣದಂತೆ ಕೆಳಗೆ ಬಿಡಲು ಹೋದ. ಆದರೆ ಸೆಲೂನಿನಲ್ಲಿ ಎಲ್ಲಿ ನೋಡಿದರೂ ಕನ್ನಡಿ.

"ನೋಡಿದ್ರಾ ಭಾವ? ದಿಂಬಿನ ಮೇಲೂ ಇದೇ ಕಥೆ. ಹೀಗೇ ಬಿಟ್ರೆ ಮದುವೆ ಹೊತ್ತಿಗೆ ನಾನು ಅವಳ ಪಕ್ಕ ಅವಳಪ್ಪನ ಹಾಗೆ ಕಾಣ್ತೀನಿ."

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ನಕ್ಕರು. ಭಾನುವಾರ, ಕೂರಲು ಜಾಗವಿಲ್ಲದೆ ಕೆಲವರು ಬಾಗಿಲಿಗೆ ಒರಗಿ ನಿಂತಿದ್ದರು. ಬಾಮೈದ ಕುತ್ತಿಗೆಗೆ ಕಟ್ಟಿದ ಬಟ್ಟೆಯೊಳಗಿಂದ ಕೈ ಹೊರಗೆ ತೆಗೆದು ಗೋಡೆ ತೋರಿಸಿದ. "ನನಗೂ ಅದೇ ಡಬ್ಬಿ ಕೊಡಿ, ಮುಗೀತು."

ಗೋಡೆಯ ಮೇಲೆ ಭಾವನದೇ ಎರಡು ಫೋಟೋಗಳು. ಎಡಗಡೆಯದರಲ್ಲಿ ನೆತ್ತಿ ಬೆಳಗುತ್ತಿದೆ, ಮುಖ ಸಾಲ ಕೇಳಲು ಬಂದವನಂತಿದೆ. ಬಲಗಡೆಯದರಲ್ಲಿ ಕಪ್ಪಗೆ ಗುಂಗುರು ಕೂದಲು, ಹಲ್ಲೆಲ್ಲ ಕಾಣುವ ನಗು. ಕೆಳಗೆ ‘ಮೊದಲು’, ‘ನಂತರ’ ಎಂದು ದಪ್ಪ ಅಕ್ಷರ. ಆ ಫೋಟೋ ಹಾಕಿದ ದಿನದಿಂದ ಬೀದಿಯವರ ಪಾಲಿಗೆ ಅವನು ಹೀರೋ.

ಅದಕ್ಕೂ ಮೊದಲು ಅವನನ್ನು ಕೇಳುವವರೇ ಇರಲಿಲ್ಲ. ಮದುವೆಯಾಗಿ ಒಂದು ವರ್ಷಕ್ಕೇ ನೆತ್ತಿ ಬಯಲಾಗತೊಡಗಿತ್ತು. ಸೆಲೂನಿನ ಮಾಲೀಕ ಒಂದು ದಿನ ಕರೆದು ಕೊನೆಯ ಕುರ್ಚಿಯ ಕಡೆ ಕಣ್ಣಲ್ಲೇ ತೋರಿಸಿದ್ದ. ಅಲ್ಲಿ ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಮುದುಕ, ಬೋಳುತಲೆಯವನು, ಯಾರೂ ಇಲ್ಲದ ಕುರ್ಚಿಯನ್ನು ಒರೆಸುತ್ತ ನಿಂತಿರುತ್ತಿದ್ದ. ಅವನಷ್ಟು ಹದವಾಗಿ ಕತ್ತರಿ ಆಡಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಆದರೂ ಅವನ ಕುರ್ಚಿಗೆ ಬರುತ್ತಿದ್ದುದು ಬರೀ ಗಡ್ಡ ಹೆರೆಸಿಕೊಳ್ಳುವವರು, ಅದೂ ಉಳಿದ ಕುರ್ಚಿಗಳು ತುಂಬಿದ್ದಾಗ.

"ತನ್ನ ತಲೆ ಉಳಿಸಿಕೊಳ್ಳದವನ ಕೈಗೆ ಯಾವನಪ್ಪಾ ತಲೆ ಕೊಡ್ತಾನೆ?" ಎಂದಿದ್ದ ಮಾಲೀಕ. ಒಂದು ಬಿಳಿ ಡಬ್ಬಿ ಕೊಟ್ಟಿದ್ದ. ಡಬ್ಬಿಯ ಮೇಲೆ ಸೆಲೂನಿನದೇ ಚೀಟಿ: ಕೂದಲಿನ ವಿಟಮಿನ್. ದಿನಕ್ಕೊಂದು.

ಕೂದಲು ಬಂತು. ನಿಜಕ್ಕೂ ಬಂತು. ಗಾಜಿನ ಬಾಗಿಲ ಪಕ್ಕದ ಮೊದಲ ಕುರ್ಚಿ ಅವನದಾಯಿತು. ಅವನ ತಲೆ ನೋಡಿಯೇ ಬೀದಿಯ ಅರ್ಧ ಹುಡುಗರು ಡಬ್ಬಿ ಕೊಂಡರು. "ಹೀರೋ, ನಿನ್ನ ಹಾಗೇ ಆಗ್ಬೇಕು ನೋಡು" ಎನ್ನುತ್ತಿದ್ದರು.

ಮನೆಯಲ್ಲಿ ಏನಾಯಿತು ಎನ್ನುವುದು ಯಾವ ಗೋಡೆಯ ಮೇಲೂ ಇರಲಿಲ್ಲ. ಮೊದಮೊದಲು ದಣಿವು ಅಂದುಕೊಂಡ. ದಿನವಿಡೀ ನಿಂತೇ ಇರುವ ಕೆಲಸ, ಇನ್ನೇನಾಗುತ್ತದೆ. ಆಮೇಲೆ ವಾರದ ರಜೆಯ ದಿನವೂ ಅದೇ ಕಥೆಯಾಯಿತು. ಮನಸ್ಸು ಹೋದರೆ ಮೈ ಬರುತ್ತಿರಲಿಲ್ಲ. ಬರಬರುತ್ತ ಮನಸ್ಸೂ ಹೋಗುವುದನ್ನು ಬಿಟ್ಟಿತು. "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದಳು ಹೆಂಡತಿ. ಒಂದು ದಿನ ಹಾಗೆನ್ನುವುದನ್ನೂ ಬಿಟ್ಟಳು. ಅವನು ದೀಪ ಆರಿಸಿ ಬರುವ ಮೊದಲೇ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಅವನಿಗೆ ಅವಮಾನ ಆಗದಿರಲಿ ಎಂದು ಹಾಗೆ ಮಾಡುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು. ಅದೇ ಹೆಚ್ಚು ಉರಿಯುತ್ತಿತ್ತು.

ಮಗುವಾಗಲಿಲ್ಲ. ಅತ್ತೆ ಮಗಳನ್ನು ಆಸ್ಪತ್ರೆಗೆ ಎಳೆದಳು. "ಇಬ್ಬರ ನಡುವೆ ಎಲ್ಲ ಸರಿಯಾಗಿದೆಯಾ?" ಎಂದು ಡಾಕ್ಟರಮ್ಮ ಕೇಳಿದಾಗ ಹೆಂಡತಿ ಅಮ್ಮನ ಮುಖ ನೋಡಿ "ಹೂಂ" ಎಂದಿದ್ದಳು. ಅವನನ್ನೂ ಒಂದು ಸಲ ಕರೆಸಿ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದರು. "ಇಲ್ಲ ಮೇಡಂ" ಎಂದಿದ್ದ. ಸುಳ್ಳು ಹೇಳಿರಲಿಲ್ಲ. ಔಷಧಿ ಅಂದರೆ ಔಷಧಿ ಅಂಗಡಿಯಲ್ಲಿ ಸಿಗುವುದು. ಸೆಲೂನಿನಲ್ಲಿ ಕೊಡುವುದು ಶಾಂಪೂ, ಎಣ್ಣೆ, ವಿಟಮಿನ್. ಅವನಿಗೂ ಪರೀಕ್ಷೆಯಾಗಲಿ ಎಂದು ಡಾಕ್ಟರಮ್ಮ ಅಂದಾಗ ಅತ್ತೆಯೇ ಅಡ್ಡ ಬಂದಿದ್ದಳು. "ಅಳಿಯಂದಿರಿಗೆ ಏನಾಗಿದೆ? ಅವರ ತಲೆ ನೋಡಿ ಡಾಕ್ಟ್ರೇ, ಕಾಡು ಬೆಳೆದ ಹಾಗೆ ಬೆಳೆದಿದೆ! ದೋಷ ಇರೋದು ನಮ್ಮ ಹುಡುಗಿಯಲ್ಲೇ." ಅವನು ಅಲ್ಲೇ ಕೂತಿದ್ದ. ಕಾಡು ಹೊತ್ತುಕೊಂಡು ಕೂತಿದ್ದ.

ಹೆಂಡತಿಗೆ ಚುಚ್ಚಿದರು, ರಕ್ತ ತೆಗೆದರು, ಮಾತ್ರೆ ಕೊಟ್ಟರು. ಯಾವುದರಲ್ಲೂ ಏನೂ ಸಿಗದಿದ್ದಕ್ಕೆ ನಾಳೆ ಬೆಳಗ್ಗೆ ಪ್ರಜ್ಞೆ ತಪ್ಪಿಸಿ, ಹೊಟ್ಟೆಗೆ ತೂತು ಮಾಡಿ, ಒಳಗೆ ನೋಡುತ್ತಾರಂತೆ.

ಮೊನ್ನೆ ಶುಕ್ರವಾರ ಅವನು ಟವೆಲ್ ತರಲು ಹಿಂದಿನ ಕೋಣೆಗೆ ಹೋದಾಗ ಮಾಲೀಕ ಸ್ಟೂಲಿನ ಮೇಲೆ ಕೂತು ಶೀಟುಗಳಿಂದ ಮಾತ್ರೆಗಳನ್ನು ಒತ್ತಿ ಒತ್ತಿ ತೆಗೆದು ಬಿಳಿ ಡಬ್ಬಿಗಳಿಗೆ ತುಂಬಿಸುತ್ತಿದ್ದ. ಅವರೆಕಾಳು ಬಿಡಿಸುವವರ ಹಾಗೆ. ಇವನು ಕಸದ ಬುಟ್ಟಿಯಿಂದ ಖಾಲಿ ಶೀಟೊಂದನ್ನು ಎತ್ತಿಕೊಂಡು ಮಧ್ಯಾಹ್ನ ಔಷಧಿ ಅಂಗಡಿಗೆ ಹೋದ.

ಅಂಗಡಿಯವನು ಶೀಟು ತಿರುಗಿಸಿ ನೋಡಿದ. "ಕೂದಲಿನ ಮಾತ್ರೆ. ಡಾಕ್ಟರ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಯಾಕೆ, ಏನಾದ್ರೂ ತೊಂದ್ರೆನಾ?" ಇವನು ಶೀಟನ್ನು ವಾಪಸ್ ಎಳೆದುಕೊಂಡ. ಅಂಗಡಿಯವನು ದನಿ ತಗ್ಗಿಸಿದ. "ಕೆಲವರಿಗೆ ಆ ವಿಷಯದಲ್ಲಿ ತೊಂದ್ರೆ ಕೊಡುತ್ತೆ. ಎಲ್ಲರಿಗೂ ಅಲ್ಲ, ಸ್ವಲ್ಪ ಜನಕ್ಕೆ. ಡಾಕ್ಟರಿಗೆ ಹೇಳಿ ನಿಲ್ಸಿದ್ರೆ ಹೆಚ್ಚಿನವರಿಗೆ ಸರಿ ಹೋಗುತ್ತೆ. ನಾಚಿಕೊಂಡು ಕೂರಬೇಡಿ."

ಇವನು ವಾಪಸ್ ಬಂದು ಶೀಟು ತೋರಿಸಿದಾಗ ಮಾಲೀಕ ಒಂಚೂರೂ ಬೆಚ್ಚಲಿಲ್ಲ. "ಎಲ್ಲರಿಗೂ ಆಗಲ್ಲ ಕಣೋ. ನಿನ್ನ ಹಣೆಬರಹ, ನಾನೇನು ಮಾಡ್ಲಿ? ಬೇಡ ಅಂದ್ರೆ ನಿಲ್ಸು. ಕೂದಲು ಉದುರಿದ ದಿನ ದೊಡ್ಡಪ್ಪನ ಪಕ್ಕ ಹೋಗು. ಆದ್ರೆ ಅಂಗಡಿಲಿ ಬಾಯಿ ಬಿಟ್ಟೆ ಅಂದ್ರೆ, ಆ ಕುರ್ಚಿನೂ ಇಲ್ಲ."

ಶುಕ್ರವಾರ, ಶನಿವಾರ ಎರಡು ದಿನವೂ ಅವನು ಹೆಂಡತಿಯ ಎದುರು ಕೂತು ಉಂಡ. ಹೇಳಬೇಕೆಂದುಕೊಂಡಿದ್ದು ಪ್ರತಿ ಸಲವೂ ಅನ್ನದ ಜೊತೆ ಒಳಗೇ ಹೋಯಿತು.

ಈಗ ಬಾಮೈದನ ಕುತ್ತಿಗೆಯ ಹಿಂದೆ ಟ್ರಿಮ್ಮರ್ ಆಡಿಸುತ್ತಿರುವಾಗ ಮಾಲೀಕ ತಾನೇ ಎದ್ದು ಬಂದ. ಕೈಯಲ್ಲಿ ಡಬ್ಬಿ.

"ಮದುಮಗನಿಗೆ ನಮ್ಮ ಕಡೆಯಿಂದ ಉಡುಗೊರೆ. ದುಡ್ಡು ಬೇಡ. ಹೀರೋ, ನಿನ್ನ ಕೈಯಾರೆ ಕೊಡಪ್ಪ, ಒಂದು ಫೋಟೋ ತೆಗೀತೀನಿ. ಭಾವ ಬಾಮೈದ ಇಬ್ರೂ ನಗ್ಬೇಕು."

ಮೊಬೈಲ್ ಎತ್ತಿ ಹಿಡಿದ. ಬೆಂಚಿನವರು ಕತ್ತು ಉದ್ದ ಮಾಡಿದರು. ಡಬ್ಬಿ ಇವನ ಕೈಯಲ್ಲಿತ್ತು. ಒಳಗಿನ ಮಾತ್ರೆಗಳು ಸದ್ದು ಮಾಡುತ್ತಿದ್ದವು.

"ತಗೋಬೇಡ" ಎಂದ.

"ಏನು ಭಾವ?"

"ಇದು ವಿಟಮಿನ್ ಅಲ್ಲ. ತಗೋಬೇಡ."

"ಹೀರೋ…" ಎಂದ ಮಾಲೀಕ, ಮೊಬೈಲ್ ಇಳಿಸದೆಯೇ.

"ನೀವು ತಗೊಂಡಿಲ್ವಾ ಭಾವ? ನಿಮ್ಮ ತಲೆ ನೋಡಿದ್ರೆ…"

"ನನ್ನ ತಲೆಗೆ ಬೆಂಕಿ ಬೀಳ್ಲಿ! ನನಗೆ… ನನಗೆ ಆಗ್ತಿಲ್ಲ ಕಣೋ. ಇದು ತಗೊಂಡಾಗಿಂದ."

ಪಕ್ಕದ ಕುರ್ಚಿಯಲ್ಲಿ ಮುಖಕ್ಕೆಲ್ಲ ಸೋಪಿನ ನೊರೆ ಮೆತ್ತಿಸಿಕೊಂಡಿದ್ದ ದಪ್ಪ ಮನುಷ್ಯ ಒಂದು ಕಣ್ಣು ತೆರೆದ. "ಏನಾಗ್ತಿಲ್ಲ?"

ನೊರೆಯೊಳಗಿಂದ ಆ ಬಾಯಿ ನಿಧಾನವಾಗಿ ಅಗಲವಾಯಿತು. "ಓಹೋ! ಕೂದಲು ಎದ್ದು ನಿಂತಿದೆ, ಯಜಮಾನ್ರು ಮಲಗಿಬಿಟ್ಟಿದಾರೆ!"

ಬೆಂಚು ಸಿಡಿಯಿತು. ಬಾಗಿಲಿಗೆ ಒರಗಿದ್ದವನು ತೊಡೆ ತಟ್ಟಿಕೊಂಡ. ನಗದೆ ಇದ್ದವರು ಇಬ್ಬರು ಮೂವರು ಹುಡುಗರು. ಅವರು ನೆಲ ನೋಡುತ್ತಿದ್ದರು. ಅವರ ಮನೆಯಲ್ಲೂ ಆ ಡಬ್ಬಿ ಇತ್ತು. ಅವರಲ್ಲಿ ಒಬ್ಬನಾದರೂ ಬಾಯಿ ತೆರೆಯಬಹುದು ಎಂದು ಇವನು ನೋಡಿದ. ಒಬ್ಬ ತನ್ನ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡ.

ಬಾಮೈದ ನಗಲಿಲ್ಲ. ಅರ್ಧ ಕತ್ತರಿಸಿದ ತಲೆಯ ಅವನ ಮುಖ ಕನ್ನಡಿಯಲ್ಲಿ ಬಿಳಿಚಿಕೊಂಡಿತು.

"ಎಷ್ಟು ದಿನದಿಂದ?"

"ವರ್ಷ ದಾಟ್ತು."

"ಮತ್ತೆ ನಮ್ಮಕ್ಕ? ನಾಳೆ ಅವಳ ಹೊಟ್ಟೆಗೆ ಕೈ ಹಾಕ್ತಾರೆ! ಅಮ್ಮ ನನ್ನೆದುರಿಗೇ ಅವಳನ್ನ ಬಂಜೆ ಅಂದಿದಾಳೆ. ಅವಳು ಸುಮ್ನೆ ಪಾತ್ರೆ ತಿಕ್ತಾ ಇದ್ಲು."

"ಅವಳು ಯಾರಿಗೂ ಹೇಳ್ಲಿಲ್ಲ."

"ಅವಳು ಯಾಕೋ ಹೇಳ್ಬೇಕು? ನೀನು ಹೇಳ್ಬೇಕಿತ್ತು! ನಾಚಿಕೆ ಆಗಲ್ವೇನೋ ನಿನಗೆ?"

ಇಷ್ಟು ವರ್ಷದ ‘ಭಾವ’ ಒಂದೇ ಉಸಿರಲ್ಲಿ ಹೋಗಿ ಅಲ್ಲಿ ‘ಏನೋ’ ಬಂದು ಕೂತಿತು. ಇವನು ಅದಕ್ಕೂ ತಲೆ ಆಡಿಸಿದ.

ಮಾಲೀಕ ಇವನ ಕೈಯಿಂದ ಟ್ರಿಮ್ಮರ್ ತೆಗೆದುಕೊಂಡ, ಆಮೇಲೆ ಡಬ್ಬಿ. ಕೂಗಾಡಲಿಲ್ಲ. ಗಿರಾಕಿಗಳ ಮುಂದೆ ಅವನು ಎಂದೂ ಕೂಗಾಡುವವನಲ್ಲ. "ದೊಡ್ಡಪ್ಪ, ಬಾ. ಈ ತಲೆ ಮುಗಿಸು."

ಇವನು ತನ್ನ ಎರಡು ಕತ್ತರಿಗಳನ್ನೂ ಬಾಚಣಿಗೆಯನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದ. ಮೆಟ್ಟಿಲ ಪಕ್ಕದಲ್ಲೇ ನಿಂತ. ಬಾಮೈದ ಬಂದರೆ ಜೊತೆಯಲ್ಲೇ ಮನೆಗೆ ಹೋಗಿ, ಇಬ್ಬರೂ ಸೇರಿ ಅವಳಿಗೆ ಹೇಳಬಹುದು ಅಂದುಕೊಂಡಿದ್ದ. ಗಾಜಿನಾಚೆ ದೊಡ್ಡಪ್ಪ ಕೆಲಸ ಮುಗಿಸಿ, ಹಿಂದಿನಿಂದ ಸಣ್ಣ ಕನ್ನಡಿ ಹಿಡಿದ. ಬಾಮೈದ ತನ್ನ ನೆತ್ತಿಯನ್ನು ನೋಡಿಕೊಂಡ. ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿಯಲು ಹೇಳಿದ. ಮತ್ತೆ ನೋಡಿಕೊಂಡ. ಎದ್ದು ಬಟ್ಟೆ ಕೊಡವಿ ಮಾಲೀಕನ ಹತ್ತಿರ ಹೋಗಿ ಏನೋ ಕೇಳಿದ. ಮಾಲೀಕ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ. ಬಾಗಿಲು ತೆರೆದಾಗ ಮಾತಿನ ಬಾಲ ಹೊರಗೆ ಬಂತು.

"…ಮದುವೆ ತನಕ ಅಷ್ಟೇ, ಆಮೇಲೆ ನಿಲ್ಲಿಸ್ತೀನಿ."

"ಅದೇ ಅಂತೀನಿ. ಎಲ್ಲರಿಗೂ ಆಗಲ್ಲ."

ಬಾಮೈದ ಇವನನ್ನು ನೋಡದೆ ದಾಟಿ ಹೋದ. ಪ್ಯಾಂಟಿನ ಜೇಬು ಉಬ್ಬಿತ್ತು. ನಡೆಯುವಾಗ ಅದರೊಳಗೆ ಮಾತ್ರೆಗಳು ಕುಲುಕುತ್ತಿದ್ದವು. ಇನ್ನೊಂದು ಕೈಯಲ್ಲಿ ಮೊಬೈಲ್ ಕಿವಿಗಿಟ್ಟುಕೊಂಡಿದ್ದ. "ಅಮ್ಮಾ, ಕೇಳಿಲ್ಲಿ…"

ಇವನು ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತ. ಅಲ್ಲಿಂದ ಯಾರೋ ಎಬ್ಬಿಸಿದಂತೆ ಎದ್ದು, ಇನ್ನೊಂದು ನಿಲ್ದಾಣದಲ್ಲಿ ಕೂತ. ಬಿಸಿಲು ಇಳಿದ ಮೇಲೆ ಮನೆಯ ಮೆಟ್ಟಿಲು ಹತ್ತಿದ.

ಹೆಂಡತಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಆಸ್ಪತ್ರೆಗೆ ಕಟ್ಟಿದ ಚೀಲ. ತುಟಿಗಳು ಒಣಗಿ ಬಿರಿದಿದ್ದವು.

"ಅಮ್ಮ ಫೋನ್ ಮಾಡಿದ್ಲು."

"ಹೂಂ."

"ಶುಕ್ರವಾರದಿಂದ ಗೊತ್ತಿತ್ತಂತೆ ನಿಮಗೆ. ಮಾಲೀಕ ಹೇಳಿದನಂತೆ ತಮ್ಮನ ಹತ್ರ."

"ಹೇಳ್ಬೇಕು ಅಂತಲೇ ಇದ್ದೆ…"

"ಎರಡು ದಿನ ನಾನು ಇದೇ ಮನೇಲಿದ್ದೆ. ನಿಮಗೆ ಬಡಿಸ್ತಾ ಇದ್ದೆ." ದನಿ ಏರಲಿಲ್ಲ. "ಯಾರು ಏನಂದ್ರೂ ಅನ್ನಿಸಿಕೊಂಡೆ. ನಮ್ಮ ಕೋಣೆ ಮಾತು ಹೊರಗೆ ಹೋಗಬಾರ್ದು ಅಂತ. ನನಗಿಂತ ಮೊದಲು ಗಡ್ಡ ಹೆರೆಸ್ಕೊಳ್ಳೋಕೆ ಕೂತವನಿಗೆ ಗೊತ್ತಾಯ್ತು ಅಲ್ವಾ?"

ಅವನು ಬಟ್ಟೆಯ ಗಂಟನ್ನು ಕೆಳಗಿಟ್ಟ. ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದ.

"ಆ ಡಬ್ಬೀನ ನಿನ್ನ ತಮ್ಮನಿಗೆ ಕೊಡೋಕೆ ಹೇಳಿದ್ರು. ಕೈ ಬರಲಿಲ್ಲ. ಅದಕ್ಕೆ ಬಾಯಿ ಬಂತು."

"ಅವನು ತಗೊಂಡ್ನಾ?"

"ತಗೊಂಡ."

ಅವಳು ನಕ್ಕಳು. ಒಂದೇ ಸಲ, ಮೂಗಿನಿಂದ ಗಾಳಿ ಬಿಟ್ಟ ಹಾಗೆ. "ಮಧ್ಯಾಹ್ನದ ಮೇಲೆ ಏನೂ ತಿನ್ನಬೇಡ ಅಂದಿದ್ರು ಆಸ್ಪತ್ರೆಯವರು. ಅಮ್ಮ ಫೋನ್ ಮಾಡಿ, ಹೋಗೋದು ಬೇಡ ಬಿಡು ಅಂದ್ಲು. ಆದ್ರೂ ನಾನು ತಿನ್ನಲಿಲ್ಲ. ನೀವು ಬಂದು ಹೇಳ್ಲಿ ಅಂತ ಕೂತಿದೀನಿ."

"ಏನು ಹೇಳ್ಲಿ?"

ಅವಳು ಮುಖ ಎತ್ತಿ ನೋಡಿದಳು.

"ನಿನ್ನಲ್ಲಿ ಏನೂ ಇಲ್ಲ" ಎಂದ. ಅಂಗಡಿಯಲ್ಲಿ ಕೂಗಿ ಹೇಳಿದವನಿಗೆ ಇಲ್ಲಿ ಒಂದೊಂದು ಮಾತನ್ನೂ ಕೈಯಿಂದ ಎತ್ತಿ ಇಡಬೇಕಾಯಿತು. "ದೋಷ ನಿಂದಲ್ಲ. ನಂದು. ಮಾತ್ರೆ ನಿಲ್ಸಿದೀನಿ. ಆಸ್ಪತ್ರೆಗೆ ನಾನು ಬರ್ತೀನಿ. ನಾನೇ ಹೇಳ್ತೀನಿ ಡಾಕ್ಟರಮ್ಮನಿಗೆ."

ಅವಳು ಚೌಕಟ್ಟು ಹಿಡಿದು ಎದ್ದು ಒಳಗೆ ಹೋದಳು. ತಟ್ಟೆ ತೆಗೆದ ಸದ್ದಾಯಿತು. ಒಂದೇ ತಟ್ಟೆ.

ಒಲೆಯ ಪಕ್ಕ ನಿಂತುಕೊಂಡೇ, ಇವನಿಗೆ ಬೆನ್ನು ಮಾಡಿ, ತಣ್ಣಗಿನ ಅನ್ನವನ್ನು ದೊಡ್ಡ ದೊಡ್ಡ ತುತ್ತು ಮಾಡಿ ಉಂಡಳು. ಅಗಿಯುವಾಗ ಅವಳ ಕಿವಿಯ ಕೆಳಗಿನ ಎಲುಬು ಆಡುವುದು ಅವನಿಗೆ ಕಾಣುತ್ತಿತ್ತು. ತಟ್ಟೆ ಖಾಲಿಯಾದ ಮೇಲೆ ಚೊಂಬನ್ನು ಎತ್ತಿ ಗಟಗಟ ನೀರು ಕುಡಿದಳು. ನೀರು ಗಲ್ಲದಿಂದ ಕುತ್ತಿಗೆಗೆ ಇಳಿದು ರವಿಕೆ ಒದ್ದೆಯಾಯಿತು. ಅವಳು ಒರೆಸಿಕೊಳ್ಳಲಿಲ್ಲ. ಚೊಂಬನ್ನು ಮತ್ತೆ ನಲ್ಲಿಗೆ ಹಿಡಿದಳು.