ಬಟ್ಟೆ ತಂತಿಯ ಬಾನುಲಿ

ಮಲ್ಲಿಕಾಂಬಳಿಗೆ ತರೀಕೆರೆಯ ಹೊಲಿಗೆ ತರಬೇತಿಗೆ ಸೇರಲೇಬೇಕಿತ್ತು. ಹೆಸರು ಬರೆಸಲು ನಾಳೆಯೇ ಕಡೆಯ ದಿನ. ಗಂಡ ಕಲ್ಲೇಶಪ್ಪ ಮಾತ್ರ ಕೇಳಿದಾಗಲೆಲ್ಲ ‘ನೋಡಾಣ’ ಎನ್ನುತ್ತಿದ್ದ. ಹೆಂಡತಿಯ ಮಾತನ್ನು ಕಿವಿಗೇ ಹಾಕಿಕೊಳ್ಳದ ಆ ಮಹಾರಾಯ ರೇಡಿಯೊ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ನೀರು ಕುದಿಸಿ ಕುಡಿಯಿರಿ ಎಂದರೆ ಕುದಿಸಿದ್ದನ್ನೇ ಕುಡಿಯುತ್ತಿದ್ದ. ಕುದಿಸುವವಳು ಮಾತ್ರ ಇವಳೇ.

ಹಾಗಾದರೆ ರೇಡಿಯೊನೇ ಹೇಳಲಿ ಎಂದು ಅವಳು ತಮ್ಮ ತೀರ್ಥಪ್ಪನ ಬೆನ್ನು ಬಿದ್ದಳು. ಅಜ್ಜಂಪುರದಲ್ಲಿ ಅವಳ ಮನೆಯ ಎದುರಿಗೇ ಅವನ ರೇಡಿಯೊ ರಿಪೇರಿ ಅಂಗಡಿ. ಹಳೆಯ ಸಾಮಾನು ಜೋಡಿಸಿ ಅವನೊಂದು ಪುಟ್ಟ ಟ್ರಾನ್ಸ್‌ಮಿಟರ್ ಮಾಡಿಟ್ಟಿದ್ದ. ಬೀದಿ ದಾಟುವಷ್ಟರಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು. ಭದ್ರಾವತಿ ಕೇಂದ್ರ ಸಂಜೆ ಶುರುವಾಗುವ ಮುಂಚೆಯೇ ಕಲ್ಲೇಶಪ್ಪ ರೇಡಿಯೊ ಹಾಕಿಕೊಂಡು ಕಾಯುತ್ತಿದ್ದ. ಆ ಖಾಲಿ ಹೊತ್ತಿನಲ್ಲಿ ನುಗ್ಗುವುದೆಂದು ಮಾತಾಯಿತು. ತೀರ್ಥಪ್ಪನ ದನಿ ಭಾವನಿಗೆ ಗೊತ್ತು. ಹೆಂಡತಿಯ ದನಿಯನ್ನು ಭಾವ ಗಮನವಿಟ್ಟು ಕೇಳಿದವನೇ ಅಲ್ಲ. ಆದ್ದರಿಂದ ಮಾತಾಡುವವಳು ಅವಳೇ.

ಉಳಿದದ್ದು ಏರಿಯಲ್. ಒಂದು ಮಾರು ತಾಮ್ರದ ತಂತಿ ಕಟ್ಟಿದರೆ ದನಿ ಅಂಗಡಿಯ ಮೆಟ್ಟಿಲು ಇಳಿಯಲಿಲ್ಲ. ಬಿದಿರಿನ ಚೌಕಟ್ಟಿಗೆ ಸುತ್ತಿ ನೋಡಿದರೆ ಎದುರು ಮನೆ ಮುಟ್ಟುವಷ್ಟರಲ್ಲಿ ಬರೀ ಗೊರಗೊರ. ಆಗ ಮಲ್ಲಿಕಾಂಬಳ ಕಣ್ಣು ಅಂಗಡಿಯ ತಾರಸಿಯಿಂದ ಹಿತ್ತಿಲ ತೆಂಗಿನ ಮರದವರೆಗೆ ಬಿಗಿದಿದ್ದ ಬಟ್ಟೆ ತಂತಿಯ ಮೇಲೆ ಬಿತ್ತು. ತಮ್ಮನ ಒದ್ದೆ ಪಂಚೆಯನ್ನು ಎಳೆದು ಪಕ್ಕಕ್ಕೆ ಎಸೆದಳು.

“ಅಷ್ಟುದ್ದದ ತಂತಿ ಕೊಟ್ರೆ ಊರಿಗೆಲ್ಲ ಕೇಳುತ್ತೆ ಕಣಕ್ಕಾ.”

“ಕೇಳ್ಲಿ ಬಿಡು. ನಿಮ್ಮ ಭಾವಂಗೆ ಕೇಳ್ಬೇಕು, ಅಷ್ಟೇ.”

ಸಂಜೆ ಮೈಕಿನ ಮುಂದೆ ಕೂತಳು. ‘ಅಜ್ಜಂಪುರದ ಕಲ್ಲೇಶಪ್ಪನವರ ಗಮನಕ್ಕೆ’ ಎಂದು ಶುರುಮಾಡಲು ತಮ್ಮ ಹೇಳಿಕೊಟ್ಟಿದ್ದ. ‘ಅಜ್ಜಂಪುರದ’ ಎಂದವಳು ಅಲ್ಲೇ ನಿಂತಳು. ಗಂಡನ ಹೆಸರನ್ನು ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಕೊನೆ, ಮತ್ತೆಂದೂ ಬಾಯಲ್ಲಿ ತೆಗೆದಿರಲಿಲ್ಲ. ತೀರ್ಥಪ್ಪ ಕೈಬಾಯಿ ಸನ್ನೆ ಮಾಡಿ ಸುಸ್ತಾದ. ಕೊನೆಗೆ ಅವಳು ಕಣ್ಣು ಮುಚ್ಚಿ, “ಅಜ್ಜಂಪುರದ ನಮ್ಮ ಮನೆಯವರ ಗಮನಕ್ಕೆ. ಹೆಂಡತಿಯನ್ನು ಹೊಲಿಗೆ ತರಬೇತಿಗೆ ಕಳಿಸಿಕೊಡಿ. ನೋಡೋಣ ಎನ್ನಬೇಡಿ” ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಬೀದಿ ದಾಟಿ ಓಡಿ ಬಂದರೆ ಮನೆಯಲ್ಲಿ ಗಂಡನೇ ಇಲ್ಲ. ಯಾರೋ ಕಾಫಿಗೆಂದು ಚನ್ನಬಸಪ್ಪನ ಹೋಟೆಲಿಗೆ ಎಳೆದುಕೊಂಡು ಹೋಗಿದ್ದರಂತೆ. ಹೋಟೆಲು ಇದ್ದದ್ದು ಊರಿನ ಆ ತುದಿಗೆ. ಎಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಕಲ್ಲೇಶಪ್ಪ ನಗುತ್ತಲೇ ಬಂದ. ಹೋಟೆಲಿನ ರೇಡಿಯೊದಲ್ಲಿ ಯಾವಳೋ ತರಬೇತಿಗೆ ಕಳಿಸಿ ಎಂದು ಗಂಡನನ್ನು ಬೇಡಿಕೊಂಡಳಂತೆ. ಕೂತಿದ್ದವರೆಲ್ಲ ತಮ್ಮ ಮನೆಯವಳಲ್ಲ ಎಂದು ಆಣೆ ಇಟ್ಟರಂತೆ. ಇಂಥ ಗಂಡನ ಮುಖಕ್ಕೆ ಉಗಿಯಬೇಕು, ನನ್ನ ಹೆಂಡತಿ ಕೇಳಿದ್ದರೆ ಮೊದಲನೆಯ ಬಸ್ಸಿಗೇ ಹತ್ತಿಸುತ್ತಿದ್ದೆ ಎಂದು ಎಲ್ಲರ ಮುಂದೆ ಹೇಳಿ ಬಂದೆ ಎನ್ನುತ್ತ ಮೀಸೆ ತಿರುವಿದ.

ಮಲ್ಲಿಕಾಂಬಳಿಗೆ ಮೈಯೆಲ್ಲ ಉರಿಯಿತು, ಹಿಂದೆಯೇ ನಗುವೂ ಬಂತು.

“ಆ ಗಂಡ ನೀವೇ ಕಣ್ರೀ,” ಎಂದಳು.

ಅವನ ಕೈ ಮೀಸೆಯ ಮೇಲೇ ನಿಂತಿತು.

“ಇವತ್ತು ನಿಮ್ಮೆಸರು ಬಾಯಿಗೆ ಬರ್ಲಿಲ್ಲ. ನಾಳೆ ಸಂಜೆ ಬಂದ್ರೂ ಬರ್ಬೋದು.”

ಕಲ್ಲೇಶಪ್ಪ ಎದುರಿನ ಅಂಗಡಿಯನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

“ತರೀಕೆರೆಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?”