ಒಣಗಿದ್ದ ಕಲ್ಲುಗಳು

“ಕಲ್ಲು ಒಣಗಿ ಬಿಸ್ಲು ಕಾಯ್ತಾ ಇತ್ತಲ್ಲೋ ಮುದಿಯಾ. ಅದನ್ನ ತೋರ್ಸಿ ಕಸುಬು ನಡೀತಿದೆ ಅಂತೀಯಲ್ಲ, ಯಾರ ಕಿವಿಗೆ ಹೂವು ಇಡೋಕೆ ಬಂದಿದ್ದೀಯ?”

ಸಾಹೇಬರು ತಲೆ ಎತ್ತದೆಯೇ ಹೇಳಿದರು. ನಾನೂ ನನ್ನ ಮಗಳೂ ಹೊಸ್ತಿಲಾಚೆ ನಿಂತಿದ್ದೆವು. ಒಳಗೆ ಬರಬೇಡಿ ಎಂದು ಜವಾನ ಹೇಳಿರಲಿಲ್ಲ. ನೆಲ ಈಗಷ್ಟೇ ಒರೆಸಿದೆ, ನಿಮ್ಮ ಕಾಲು ಯಾವಾಗಲೂ ಒದ್ದೆ ಎಂದಿದ್ದ, ಅಷ್ಟೆ.

“ಸ್ವಾಮಿ, ನೀವು ಬರೋಕೆ ಮುಂಚಿನ ದಿನ ನನ್ನ ಹೆಂಡ್ತೀನ ಮಣ್ಣು ಮಾಡಿದ್ವಿ,” ಎಂದೆ.

“ಸತ್ತೋಳು ಒಬ್ಳು. ಉಳಿದೋರಿಗೆಲ್ಲ ಏನು ಕೈಗೆ ಲಕ್ವ ಹೊಡೆದಿತ್ತಾ?”

ಜವಾನ ನಕ್ಕ. ನಾನು ಹೇಳಿದೆ. ನಮ್ಮ ಹಳ್ಳದ ದಂಡೆಯಲ್ಲಿ ಒಬ್ಬರು ಸತ್ತರೆ, ಅವರ ಮೇಲೆ ಹಾಕಿದ ಮಣ್ಣಿನ ಹಸಿ ಆರುವ ತನಕ ಯಾರೂ ಒಗೆಯುವ ಕಲ್ಲಿಗೆ ನೀರು ಸೋಕಿಸುವುದಿಲ್ಲ. ಆಯುಷ್ಯವೆಲ್ಲ ಕಲ್ಲಿನ ಮೇಲೆ ಬಾಗಿದ ಬೆನ್ನು ಸತ್ತ ಕೂಡಲೇ ಅಲ್ಲಿಂದ ಏಳುವುದಿಲ್ಲ. ಹಸಿ ಆರುವ ಮುಂಚೆ ಬಟ್ಟೆ ಬಡಿದರೆ ಪೆಟ್ಟು ಸತ್ತವರ ಬೆನ್ನಿಗೆ ಬೀಳುತ್ತದೆ. ನನ್ನ ತಂದೆ ಹೀಗೆ ನಡೆದರು, ನಾನೂ ನಡೆದೆ. ಅದಕ್ಕೇ ಸಾಹೇಬರು ತನಿಖೆಗೆ ಬಂದ ದಿನ ದಂಡೆಯ ಕಲ್ಲುಗಳೆಲ್ಲ ಒಣಗಿದ್ದವು.

“ಹೊಸ ಕಾನೂನು ಬಂದಿದೆ. ಹಳ್ಳದ ಅಂಚು ಖಾಲಿ ಇರ್ಬೇಕು. ತನಿಖೆ ದಿನ ಕೆಲ್ಸ ಮಾಡ್ತಿದ್ದೋರು ಇರ್ಬೋದು, ಮಾಡ್ದಿದ್ದೋರು ಜಾಗ ಬಿಟ್ಟು ಏಳ್ಬೇಕು. ನಾನು ಕಂಡಿದ್ದು ಬರ್ದಿದ್ದೀನಿ.”

“ಮೇಲ್ಗಡೆ ಬಣ್ಣದ ಕಾರ್ಖಾನೆ ಕಾಣ್ಲಿಲ್ವಾ ಸಾಹೇಬ್ರೆ?” ಮಗಳು ಕೇಳಿದಳು. “ಅವರು ಅನುಮತಿ ಇಲ್ದೇ ಕಟ್ಟಿದ್ರು.”

“ದಂಡ ಕಟ್ಟಿ ಸಕ್ರಮ ಮಾಡ್ಕೊಂಡ್ರು. ಅದಕ್ಕೂ ಕಾನೂನು ಇದೆ. ನಿಮ್ಮ ಗಲೀಜು ಜಾಗದಲ್ಲಿ ಗಿಡ ನೆಟ್ಟು ತೋಟ ಬೇರೆ ಮಾಡಿಕೊಡ್ತಾರೆ.”

“ಅವರು ಕದ್ದು ಕಟ್ಟಿದ್ದು ಸರಿಹೋಯ್ತು. ನಾವು ನಾಕು ದಿನ ಅತ್ತಿದ್ದು ತಪ್ಪಾಯ್ತು.”

ಆ ಕಾರ್ಖಾನೆಯ ನೀರಿನಲ್ಲಿ ನಿಂತೇ ಅವಳ ತಾಯಿಯ ಕಾಲು ಹುಣ್ಣಾಗಿತ್ತು. ಹುಣ್ಣು ಮೊಣಕಾಲು ದಾಟಿದ ಮೇಲೂ ಅವಳು ಬಟ್ಟೆ ಸುತ್ತಿಕೊಂಡು ಹಳ್ಳಕ್ಕೆ ಇಳಿಯುತ್ತಿದ್ದಳು. ಇದನ್ನು ನಾನು ಸಾಹೇಬರಿಗೆ ಹೇಳಲಿಲ್ಲ. ದೇವರಿಗೆ ಹೇಳಿದ್ದೆ.

ಮಗಳು ಸುಮ್ಮನಾಗಲಿಲ್ಲ. “ನಿಮ್ಮ ಶರ್ಟಿನ ಕಾಲರ್ ಒಳಗೆ ಎರಡು ಚುಕ್ಕಿ, ಒಂದು ಗೀಟು ಇದೆ. ನಿಮ್ಮನೆ ಬಟ್ಟೆಗೆ ಅಂತ ನಮ್ಮವ್ವ ಇಟ್ಟ ಗುರುತು. ಕಸುಬು ಇಲ್ದಿದ್ರೆ ಅದು ಎಲ್ಲಿಂದ ಬಂತು?”

ಸಾಹೇಬರ ಕೈ ಕತ್ತಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

“ಮುಚ್ಚೇ ಬಾಯಿ, ಮುಂಡೆ. ನನ್ನ ಕಾಲರ್‌ಗೆ ಕೈ ಹಾಕ್ತೀಯ?” ಎಂದರು. ಆಮೇಲೆ ನನ್ನ ಕಡೆ ನೋಡಿ ನಕ್ಕರು. “ನಾಳೆ ಬೆಳಿಗ್ಗೆ ಕಲ್ಲು ಒಡೆಯೋಕೆ ಮಿಷನ್ ಬರುತ್ತೆ. ಅಷ್ಟು ದೊಡ್ಡ ಕಸುಬುದಾರರಾದ್ರೆ ಆಗ ಒಗೆದು ತೋರ್ಸಿ. ನೋಡಿ ಬರ್ಕೋತೀನಿ.”

ನಾವು ಒಗೆಯಲಾರೆವು ಎಂದು ಅವರಿಗೆ ಗೊತ್ತಿತ್ತು. ಆಗ ತಾನೇ ನಾನೇ ಹೇಳಿದ್ದೆನಲ್ಲ.

ಸಂಜೆ ದಂಡೆಯವರೆಲ್ಲ ದಿಬ್ಬದ ಮೇಲೆ ಹೆಂಡತಿಯನ್ನು ಮಲಗಿಸಿದ ಜಾಗಕ್ಕೆ ಬಂದರು. ಮಣ್ಣು ಮುಟ್ಟಿ ನೋಡಿದೆ. ತನಿಖೆಯ ಮಾರನೇ ದಿನ ಹಿಡಿದ ತುಂತುರು ಮಳೆ ಬಿಟ್ಟಿರಲಿಲ್ಲ. ಬೆರಳಿಗೆ ಹಸಿ ಅಂಟಿತು.

“ಅಣ್ಣ, ನಾಕು ಇಸ್ತ್ರಿಪೆಟ್ಟಿಗೆ ಕಾಯಿಸಿ ತರ್ಲಾ?” ಎಂದ ಸೊಟ್ಟ. ನನ್ನ ಪಕ್ಕದ ಕಲ್ಲಿನವನು ಅವನು. ನಡು ಸೊಟ್ಟಗಾಗಿದೆ, ಬಾಯಿ ನೆಟ್ಟಗಿಲ್ಲ. ಎಲ್ಲರೂ ನಕ್ಕರು, ನಕ್ಕಿದ್ದಕ್ಕೆ ತಲೆ ತಗ್ಗಿಸಿದರು. “ಅತ್ತಿಗೆ ಇದ್ದಿದ್ರೆ ಅವಳೇ ಮೊದ್ಲು ನಗ್ತಿದ್ಲು ಬಿಡಿ,” ಎಂದು ಅವನೇ ಮೂಗು ಒರೆಸಿಕೊಂಡ.

ಹೆಂಡತಿಯ ಅಕ್ಕನನ್ನು ನಾವೆಲ್ಲ ದೊಡ್ಡಕ್ಕ ಅನ್ನುತ್ತೇವೆ. ಅವಳು ಮಣ್ಣಿನ ಪಕ್ಕದಲ್ಲೇ ಕುಳಿತಿದ್ದಳು. “ಎತ್ತಿ ಆಡಿಸಿದ ಕೂಸು ಕಣ್ರೋ ಇದು. ಇವಳ ಬೆನ್ನಿನ ಮೇಲೆ ನಾನು ಹೆಂಗೆ ಬಡೀಲಿ?”

“ನೀನು ಬಡೀದಿದ್ರೆ ಅವರು ಕಲ್ಲನ್ನೇ ಒಡೀತಾರೆ, ದೊಡ್ಡಮ್ಮ,” ಎಂದಳು ಮಗಳು. “ಆಗ ಅವ್ವನ ಬೆನ್ನು ಉಳೀತದಾ?”

ಎಲ್ಲರೂ ನನ್ನ ಮುಖ ನೋಡಿದರು. ನಾನು ಕೈ ಮುಗಿದು ಕುಳಿತೆ. ಭಗವಂತ, ನಿನ್ನ ನೇಮ ಮುರಿಯದೆ ಈ ಮಕ್ಕಳ ಅನ್ನ ಉಳಿಯುವ ದಾರಿ ಒಂದಿದ್ದರೆ ತೋರಿಸು ಎಂದೆ. ಬೇಡಿಕೊಂಡು ಕಣ್ಣು ಬಿಟ್ಟಾಗ ತುಂತುರು ಜೋರಾಗಿತ್ತು.

ಬೆಳಿಗ್ಗೆ ಹಳದಿ ಮಿಷನ್ ದಂಡೆಯ ಮೇಲೆ ಬಂದು ನಿಂತಿತು. ಸಾಹೇಬರು ಛತ್ರಿ ಹಿಡಿಸಿಕೊಂಡು ಇಳಿದರು. ನಮ್ಮವರು ಸಾಲಾಗಿ ನಿಂತಿದ್ದರು. ಯಾರೂ ಹಳ್ಳಕ್ಕೆ ಇಳಿದಿರಲಿಲ್ಲ. ಮಳೆಯಲ್ಲಿ ಕಲ್ಲುಗಳೆಲ್ಲ ತೊಯ್ದು ಹೊಳೆಯುತ್ತಿದ್ದವು.

“ಒದ್ದೆ ಮಾಡೋ ಕೆಲ್ಸ ಮಳೆರಾಯನೇ ಮಾಡಿದಾನೆ,” ಎಂದರು ಸಾಹೇಬರು. “ಒಗೆಯೋನು ಯಾವನೂ ಇಲ್ವೇನ್ರೋ? ಶುರು ಮಾಡಪ್ಪ ಡ್ರೈವರ್. ಆ ತುದೀದು ಮೊದ್ಲು.”

ತುದಿಯದು ಅವಳ ಕಲ್ಲು.

ನಾನು ಮೂಟೆ ಬಿಚ್ಚಿದೆ. ಅವಳು ಮಲಗಿದಂದಿನಿಂದ ಮುಟ್ಟದ ಮೂಟೆ. ಕೈಗೆ ಸಿಕ್ಕ ಅಂಗಿಯನ್ನು ಎತ್ತಿಕೊಂಡು ನೀರಿಗೆ ಇಳಿದೆ. ನೀರು ಅಂದು ನೇರಳೆ ಬಣ್ಣವಿತ್ತು. ಮಿಷನ್ನಿನ ಹಲ್ಲು ನನ್ನ ತಲೆಯ ಮೇಲೆ ಬಂದು ನಿಂತಿತು. ನಾನು ಬಾಗಿ ಕಲ್ಲಿಗೆ ಹಣೆ ಹಚ್ಚಿದೆ.

“ಇವಳೇ,” ಎಂದೆ. “ತಡ್ಕೋ.”

ಬಡಿದೆ. ನನ್ನ ಬೆನ್ನಿಗೇ ಚಳುಕು ಹಿಡಿದಂತಾಯಿತು. ಇನ್ನೊಮ್ಮೆ ಬಡಿದೆ. ಆಗ ಮಗಳು ಇಳಿದಳು. ಸೊಟ್ಟ ಇಳಿದ. ಕೊನೆಗೆ ದೊಡ್ಡಕ್ಕ ಜೋರಾಗಿ ಅಳುತ್ತಾ ಸೀರೆ ಎತ್ತಿ ಕಟ್ಟಿ ಇಳಿದಳು. ಅಳುತ್ತಲೇ ಅವಳು ಹೊಡೆದ ಹೊಡೆತ ಎಲ್ಲರಿಗಿಂತ ಗಟ್ಟಿಯಾಗಿತ್ತು. ಇಡೀ ದಂಡೆ ಒಂದೇ ಏಟಿಗೆ ಸದ್ದು ಮಾಡತೊಡಗಿತು. ಮಿಷನ್ನಿನ ಗುರುಗುರು ಅದರಡಿ ಮುಚ್ಚಿಹೋಯಿತು.

“ನಿಲ್ಸ್ರೋ ನಾಯಿಗಳಾ. ಏನ್ ನಾಟ್ಕ ಇದು?”

“ಕಸುಬು ಸ್ವಾಮಿ,” ಎಂದೆ. “ನೋಡಿ ಬರ್ಕೊಳ್ಳಿ.”

ಸಾಹೇಬರು ಬರೆಯಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮುಂದುವರಿಸು ಎಂದು ಡ್ರೈವರನಿಗೆ ಕೈಸನ್ನೆ ಮಾಡಿದರು. ಡ್ರೈವರ್ ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ. ಹಲ್ಲು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

ನಾನು ಅಂಗಿಯನ್ನು ಹಿಂಡಿ ಮಗ್ಗುಲು ಬದಲಿಸಿದೆ. ಕಾಲರಿನ ಒಳಗೆ ಎರಡು ಚುಕ್ಕಿ, ಒಂದು ಗೀಟು. ನೇರಳೆ ನೀರು ಕುಡಿದು ಬಿಳಿ ಬಟ್ಟೆ ಬಣ್ಣ ತಿರುಗಿತ್ತು. ದಂಡೆಯ ಮೇಲಿದ್ದ ಸಾಹೇಬರಿಗೆ ಕಾಣುವಂತೆ ಅದನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದೆ.

“ತಡ್ಕೋ,” ಎಂದೆ. ಈ ಸಲ ಹೇಳಿದ್ದು ಹೆಂಡತಿಗಲ್ಲ.